ರಾಯಚೂರಿನ ಬಿಸಿಲು ಮತ್ತು ನಮ್ಮ ಫೈಬರ್ ಸೆನ್ಸರ್

ರಾಯಚೂರಿನಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ದ್ರಾವಣದಲ್ಲಿ ಏನು ಎಷ್ಟು ಕರಗಿದೆ ಎಂದು ಬೆಳಕಿನಿಂದ ಅಳೆಯುವ ಸೆನ್ಸರ್ ಒಂದನ್ನು ಅವರ ಜೊತೆ ಕೂತು ಮಾಡಿದೆ.

ಬೇಕಾದದ್ದು 1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್ (ತನ್ನೊಳಗೆ ಬೆಳಕು ಹಾಯಿಸುವ ಎಳೆ), ಅದರ ಒಂದು ತುದಿಗೆ ಕೆಂಪು ಎಲ್‌ಇಡಿ, ಇನ್ನೊಂದು ತುದಿಗೆ ಬೆಳಕನ್ನು ವಿದ್ಯುತ್ತಾಗಿಸುವ ಫೋಟೊಡಯೋಡ್. ಫೈಬರ್‌ನ ತಿರುಳಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಅದು ಎಷ್ಟು ಬಗ್ಗಿಸುತ್ತದೆಂದು ಹೇಳುವ ಸಂಖ್ಯೆ, 1.49. ಬೆಳಕು ಸೋರದಂತೆ ತಡೆಯುವ ಹೊರಗಿನ ತೆಳು ಪದರವನ್ನು ನುಣುಪಾದ ಉಪ್ಪುಕಾಗದದಿಂದ ಸ್ವಲ್ಪ ಉದ್ದಕ್ಕೆ ತಿಕ್ಕಿ ತೆಗೆದರೆ, ಅಲ್ಲಿ ಸುತ್ತಲಿನ ದ್ರವವೇ ಆ ಪದರದ ಜಾಗ ತುಂಬುತ್ತದೆ. ನೀರಿನ ಸೂಚ್ಯಂಕ 1.333, ನೂರಕ್ಕೆ 20ರಷ್ಟು ಸಕ್ಕರೆ ಇದ್ದರೆ 1.364. ದ್ರವದ ಸೂಚ್ಯಂಕ ತಿರುಳಿನದಕ್ಕೆ ಹತ್ತಿರವಾದಷ್ಟೂ ಬೆಳಕು ಹೆಚ್ಚು ಸೋರುತ್ತದೆ, ಫೋಟೊಡಯೋಡ್‌ನ ವೋಲ್ಟೇಜ್ ಇಳಿಯುತ್ತದೆ. ನೇರ ಫೈಬರ್‌ನಲ್ಲಿ ಈ ಇಳಿತ ತೀರ ಕಡಿಮೆ. ಫೈಬರನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಕಬ್ಬಿಣದ ಸರಳಿಗೆ ಸುತ್ತಿ, 'ಯು' ಆಕಾರಕ್ಕೆ ಬಗ್ಗಿಸಿ, ಆ ಆಕಾರ ನಿಲ್ಲುವಂತೆ ತಣ್ಣೀರಿಗೆ ಹಾಕಿದರೆ ಇಳಿತ ಚೆನ್ನಾಗಿ ಕಾಣಿಸುತ್ತದೆ. ಅಳತೆ ಓದಲು ಬಳಸುವ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 10 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಇದಕ್ಕೆ ಸಾಲದು; 16 ಬಿಟ್‌ನದ್ದನ್ನು ಬೇರೆಯಾಗಿ ಜೋಡಿಸಬೇಕು.

ಇಷ್ಟೂ ಸಲೀಸು. ನಿಜವಾದ ಕೆಲಸ ಬಿಸಿಲಿನ ಜೊತೆ. ನೀರು ಒಂದು ಡಿಗ್ರಿ ಕಾದರೆ ಅದರ ಸೂಚ್ಯಂಕ ಸುಮಾರು 0.0001 ಇಳಿಯುತ್ತದೆ. ಲೀಟರಿಗೆ ಅರ್ಧ ಗ್ರಾಂ ಉಪ್ಪು ಹಾಕಿದರೆ ಏರುವುದೂ ಹೆಚ್ಚುಕಡಿಮೆ ಅಷ್ಟೇ. ಏಪ್ರಿಲ್‌ನಲ್ಲಿ ನಮ್ಮ ಲ್ಯಾಬ್‌ನಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಎಷ್ಟು ವ್ಯತ್ಯಾಸ ಇರುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಹಾಗಾಗಿ ದ್ರವದೊಳಗೇ ಒಂದು ಉಷ್ಣತಾ ಸೆನ್ಸರ್ ಇಟ್ಟು, ಬೇರೆ ಬೇರೆ ಡಿಗ್ರಿಗಳಲ್ಲಿ ಬರೀ ಭಟ್ಟಿ ಇಳಿಸಿದ ನೀರಿನ ಅಳತೆ ಬರೆದುಕೊಂಡು, ಅದರ ಪ್ರಕಾರ ಲೆಕ್ಕ ಸರಿಪಡಿಸಿದೆವು. ಅದೇ ಎಲ್‌ಇಡಿಯಿಂದ ಪದರ ತೆಗೆಯದ ಇನ್ನೊಂದು ಫೈಬರ್ ಎಳೆದು ಎರಡರ ಅನುಪಾತ ನೋಡಿದರೆ ಎಲ್‌ಇಡಿಯ ಏರಿಳಿತವೂ ಕಳೆದುಹೋಗುತ್ತದೆ. ಈ ಎರಡನ್ನು ಬಿಟ್ಟು ಮಾಡಿದ ಅಳತೆಯನ್ನು ನಾನು ನಂಬುವುದಿಲ್ಲ.

ನಮ್ಮ ಗಡುಸು ನೀರು ಒಣಗಿದರೆ ಫೈಬರ್ ಮೇಲೆ ಬಿಳಿ ಪೊರೆ ಕೂರುತ್ತದೆ. ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿ, ಭಟ್ಟಿ ನೀರಲ್ಲಿ ತೊಳೆಯಿರಿ. ಅಸಿಟೋನ್ ಮುಟ್ಟಿಸಲೇಬೇಡಿ, ಈ ಪ್ಲಾಸ್ಟಿಕ್ ಕರಗುತ್ತದೆ.

ಮಾನ್ವಿ ಕಡೆಯ ಹುಡುಗನೊಬ್ಬ ಕೇಳಿದ: "ಸರ್, ನಮ್ಮೂರ ಬೋರಿನ ನೀರಿನಾಗ ಫ್ಲೋರೈಡ್ ಐತಿ ಅಂತಾರ. ಇದರಾಗ ಗೊತ್ತಾಗ್ತೈತೇನ್ರಿ?"

ಗೊತ್ತಾಗುವುದಿಲ್ಲ. ಕುಡಿಯುವ ನೀರಿಗೆ ಫ್ಲೋರೈಡ್‌ನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಷ್ಟರಿಂದ ಸೂಚ್ಯಂಕ ಬದಲಾಗುವುದು ಏಳನೇ ದಶಮಾಂಶ ಸ್ಥಾನದ ಆಸುಪಾಸು. ಅದಕ್ಕಿಂತ ದೊಡ್ಡ ತೊಡಕೆಂದರೆ, ಸೂಚ್ಯಂಕ ಏರಿದ್ದು ಉಪ್ಪಿನಿಂದಲೋ ಸಕ್ಕರೆಯಿಂದಲೋ ಬರಿಯ ಫೈಬರ್‌ಗೆ ತಿಳಿಯದು. ಒಂದೇ ರಾಸಾಯನಿಕವನ್ನು ಹಿಡಿಯುವ ಲೇಪನ ಅದರ ಮೇಲೆ ಬೇಕು. ಉಪ್ಪಿಗಾದರೆ, ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ನೋಡಿ ಕರಗಿದ ಲವಣ ಅಂದಾಜಿಸುವ ಟಿಡಿಎಸ್ ಮೀಟರ್ ಇದಕ್ಕಿಂತ ಅಗ್ಗ. ಆದರೆ ಸಕ್ಕರೆ, ಗ್ಲಿಸರಿನ್ ಕರಗಿದ ನೀರಿನಲ್ಲಿ ಆ ಮೀಟರ್ ಕೆಲಸಕ್ಕೆ ಬಾರದು. ಈ ಫೈಬರ್ ಬೇಕಾಗುವುದು ಅಲ್ಲಿ. ಅವನ ಊರಿನ ನೀರನ್ನು ಬಾಟಲಿಯಲ್ಲಿ ತುಂಬಿಸಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿಸಿದೆ.