ಹೆಸರು ನಂಬಬೇಡಿ, ಮೈಮೇಲಿನ ಗೆರೆ ನೋಡಿ

ಫ್ಲೋರಿಡಾಕ್ಕೆ ಬಂದ ಹೊಸತು. ಗಾಳಕ್ಕೆ ಒಂದು ಚೆಂದದ ಮೀನು ಬಿತ್ತು. ಉದ್ದನೆಯ ಬೆಳ್ಳಿ ಮೈ, ಪಕ್ಕದಲ್ಲಿ ಹಳದಿ ಚುಕ್ಕೆ, 18 ಇಂಚು. ಸ್ಪ್ಯಾನಿಷ್ ಮ್ಯಾಕೆರೆಲ್ ಅಂದುಕೊಂಡೆ. ಅದನ್ನು ಇಟ್ಟುಕೊಳ್ಳಲು ನಿಯಮದ ಪ್ರಕಾರ 12 ಇಂಚು ಇದ್ದರೆ ಸಾಕು, ಹಾಗಾಗಿ ಐಸ್ ಪೆಟ್ಟಿಗೆಗೆ ಹಾಕಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅದನ್ನು ಎತ್ತಿಕೊಂಡು ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಹೋಗುವ ಗೆರೆಗುಂಟ ಬೆರಳು ಎಳೆದರು. ಎರಡನೇ ಬೆನ್ನುರೆಕ್ಕೆಯ ಕೆಳಗೆ ಗೆರೆ ಥಟ್ಟನೆ ಇಳಿದಿತ್ತು. ಅದು ಕಿಂಗ್ ಮ್ಯಾಕೆರೆಲ್ ಮರಿ! ಇಟ್ಟುಕೊಳ್ಳಲು ಬಾಲದ ಕವಲಿನವರೆಗೆ 24 ಇಂಚು ಬೇಕು. ಅಷ್ಟರಲ್ಲಿ ಅದು ಸತ್ತೇ ಹೋಗಿತ್ತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಮರಿ ಕಿಂಗ್‌ಗೂ ಹಳದಿ ಚುಕ್ಕೆ ಇರುತ್ತದೆ, ಚುಕ್ಕೆ ನಂಬಬೇಡಿ. ಸ್ಪ್ಯಾನಿಷ್‌ನಲ್ಲಿ ಗೆರೆ ಮೆಲ್ಲಗೆ ಇಳಿಯುತ್ತದೆ, ಮೊದಲ ಬೆನ್ನುರೆಕ್ಕೆಯ ಮುಂಭಾಗ ಕಪ್ಪು. ಆಮೇಲೆ ಗೊತ್ತಾಯಿತು, ನಮ್ಮ ಕರಾವಳಿಯ ಅಂಜಲ್ ಮೀನಿನಲ್ಲೂ ಗೆರೆ ಥಟ್ಟನೆ ಇಳಿಯುತ್ತದೆ. ಚಿಕ್ಕಂದಿನಿಂದ ಅಂಜಲ್ ನೋಡಿದವನು ನಾನು, ಆ ಗೆರೆಯನ್ನೇ ನೋಡಿರಲಿಲ್ಲ.

ಹೆಸರುಗಳಂತೂ ದಾರಿ ತಪ್ಪಿಸುತ್ತವೆ. ಅದೇ ಅಂಜಲ್‌ಗೆ ಆಸ್ಟ್ರೇಲಿಯಾದಲ್ಲಿ ಸ್ಪ್ಯಾನಿಷ್ ಮ್ಯಾಕೆರೆಲ್ ಅನ್ನುತ್ತಾರೆ, ಗಲ್ಫ್ ದೇಶಗಳಲ್ಲಿ ಕಿಂಗ್‌ಫಿಶ್. ಆದರೆ ಆಸ್ಟ್ರೇಲಿಯಾದಲ್ಲಿ ಕಿಂಗ್‌ಫಿಶ್ ಅಂದರೆ ಟ್ರೆವಲಿ ಕುಟುಂಬದ ಬೇರೆಯೇ ಮೀನು. ನಾವು ಲೇಡಿಫಿಶ್ ಅನ್ನುವ ಕಾಣೆ ಮೀನು ಅಲ್ಲಿ ವೈಟಿಂಗ್ ಆಗುತ್ತದೆ. ಅಮೆರಿಕದ ಲೇಡಿಫಿಶ್ ಟಾರ್ಪನ್ ಮೀನಿನ ನೆಂಟ, ಕಾಣೆಗೂ ಅದಕ್ಕೂ ಸಂಬಂಧವೇ ಇಲ್ಲ. ಕಾಣೆ ಈ ತೀರದಲ್ಲಿ ಇಲ್ಲವೇ ಇಲ್ಲ. ಎಷ್ಟು ವರ್ಷ ಗಾಳ ಹಾಕಿದರೂ ಸಿಗುವುದಿಲ್ಲ ಅಂತ ತಿಳಿದ ದಿನ ಸುಮ್ನೆ ಕೂತುಬಿಟ್ಟಿದ್ದೆ.

ಕೋಬಿಯಾ ಮೀನು ಮಾತ್ರ ನೆಮ್ಮದಿ ಕೊಡುತ್ತದೆ. ಅರಬ್ಬೀ ಸಮುದ್ರದಲ್ಲೂ ಇಲ್ಲೂ ಒಂದೇ ಜಾತಿ, ಅದರ ಕುಟುಂಬದಲ್ಲಿ ಬೇರೆ ಯಾರೂ ಇಲ್ಲ.

ಮೀನು ಹಿಡಿಯುವ ಲೈಸೆನ್ಸ್ ಆನ್‌ಲೈನ್‌ನಲ್ಲೇ ಸಿಗುತ್ತದೆ, ಮೊದಲೇ ಮಾಡಿಸಿಕೊಳ್ಳಿ. ಅಳತೆಯ ನಿಯಮ ಬದಲಾಗುತ್ತಿರುತ್ತದೆ, ಪ್ರತಿ ಸಲ ನೋಡಿ. ಗುರುತು ಸಿಗದ ಮೀನನ್ನು ನೀರಿಗೆ ಬಿಟ್ಟುಬಿಡಿ.

ಮಕ್ಕಳನ್ನೂ ಕರೆದುಕೊಂಡು ಹೋಗಿ. ನನ್ನ ಮಗಳು ಈಗ ನನಗಿಂತ ಬೇಗ ಗುರುತು ಹಿಡಿಯುತ್ತಾಳೆ. ಮೊನ್ನೆ ಒಂದು ಕಿಂಗ್ ಸಿಕ್ಕಿತು. "ಇದು ಅಂಜಲ್‌ನ ದಾಯಾದಿ" ಅಂದೆ. "ಅಂಜಲ್ ಅಂದ್ರೆ ಯಾವ್ದಪ್ಪ?" ಅಂದಳು. ಅವಳು ಅದನ್ನು ಕಂಡೇ ಇಲ್ಲ, ಅಲ್ವಾ? ಒದ್ದೆ ಬೆರಳಿನಿಂದ ಹಲಗೆಯ ಮೇಲೆ ಬರೆದು ತೋರಿಸಿದೆ. ಉದ್ದ ಮೈ, ಕವಲು ಬಾಲ, ಪಕ್ಕದಲ್ಲಿ ಅಲೆಅಲೆಯಾದ ಅಡ್ಡಪಟ್ಟಿ. ಥಟ್ಟನೆ ಇಳಿಯುವ ಆ ಗೆರೆಯನ್ನು ಅವಳೇ ಎಳೆದಳು.