ಮೆನು ಗೋಡೆಯ ಮೇಲೆ, ಲೆಕ್ಕ ಕಲಗಚ್ಚಿನ ಬಾನಿಯಲ್ಲಿ

ನಮ್ಮದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನೂರರ ಆಸುಪಾಸು ಮಕ್ಕಳು, ಇಬ್ಬರು ಅಡುಗೆಯವರು. ಬಿಸಿಯೂಟದ ಉಸ್ತುವಾರಿ ನನ್ನ ಕೊರಳಿಗೆ ಬಿದ್ದು ಕೆಲವು ವರ್ಷಗಳಾದವು. ಎಲ್ಲ ಶಾಲೆಗಳಲ್ಲಿರುವಂತೆ ನಮ್ಮ ಅಡುಗೆಕೋಣೆಯ ಗೋಡೆಯ ಮೇಲೂ ಬಣ್ಣದಲ್ಲಿ ಬರೆಸಿದ ಪಟ್ಟಿಯಿದೆ. ಒಂದರಿಂದ ಐದನೇ ತರಗತಿಯ ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5. ಆರರಿಂದ ಎಂಟರವರಿಗೆ ಇದರ ಒಂದೂವರೆ ಪಟ್ಟು. ಸಣ್ಣವರಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ದೊಡ್ಡವರಿಗೆ 700 ಮತ್ತು 20. ತಪಾಸಣೆಗೆ ಬಂದವರು ಮೊದಲು ನೋಡುವುದು ಆ ಗೋಡೆಯನ್ನೇ. ನಾನು ನೋಡುವುದು ತಟ್ಟೆ ತೊಳೆಯುವ ನಲ್ಲಿಯ ಪಕ್ಕದ ಕಲಗಚ್ಚಿನ ಬಾನಿಯನ್ನು.

ಗೋಡೆಯ ಲೆಕ್ಕ ನಿಜವಾಗಬೇಕಾದರೆ ತಟ್ಟೆಗೆ ಬಿದ್ದದ್ದೆಲ್ಲ ಹೊಟ್ಟೆಗೆ ಹೋಗಬೇಕು. ಬದನೆಕಾಯಿ ಹೋಳು, ಹುರುಳಿಕಾಯಿ, ಸೊಪ್ಪಿನ ದಂಟು ತಟ್ಟೆಯ ಅಂಚಿಗೆ ಸರಿದು ಬಾನಿಗೆ ಬಿದ್ದರೆ ಆ 50 ಗ್ರಾಂ ತರಕಾರಿ ವಹಿಯಲ್ಲಿ ಮಾತ್ರ ಉಳಿಯುತ್ತದೆ. ಅದನ್ನು ಬೆಳೆದ ಕೊಳವೆಬಾವಿ ನೀರು, ಸಂತೆಯಿಂದ ಹೊತ್ತು ತಂದ ಗಾಡಿಯ ಡೀಸೆಲ್, ಬೇಯಿಸಿದ ಗ್ಯಾಸ್ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಹಸು ತಿನ್ನುತ್ತದಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಹಸುವಿಗೆ ಹುಲ್ಲು ಸಾಕು, ಒಗ್ಗರಣೆ ಬೇಕಿಲ್ಲ.

ಹಾಗಾಗಿ ಬಾನಿಗೆ ಸುರಿಯುವ ಮೊದಲು ಎರಡು ಬೇಸಿನ್ ಇಡಿಸಿದೆ: ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ತರಕಾರಿ. ಏಳನೇ ತರಗತಿಯ ಮಕ್ಕಳು ತಕ್ಕಡಿಯಲ್ಲಿ ತೂಗಿ ಬರೆದಿಟ್ಟರು. ಅವರಿಗೆ ಗಣಿತವೂ ಆಯಿತು. ಒಂದು ವಾರ ಕಳೆಯುವಷ್ಟರಲ್ಲಿ ಚಿತ್ರ ಸ್ಪಷ್ಟವಾಯಿತು. ಅನ್ನ ಚೆಲ್ಲುತ್ತಿದ್ದುದು ಹೆಚ್ಚಾಗಿ ಒಂದು, ಎರಡನೇ ತರಗತಿಯವರು. ತರಕಾರಿಯನ್ನು ಎಲ್ಲರೂ ಚೆಲ್ಲುತ್ತಿದ್ದರು.

ಅನ್ನದ ಕಾರಣ ಸರಳ. ಆರು ವರ್ಷದ ಮಗುವಿಗೂ ಹತ್ತು ವರ್ಷದ ಮಗುವಿಗೂ ನಿಯಮದಲ್ಲಿ ಅದೇ 100 ಗ್ರಾಂ ಅಕ್ಕಿ. ಬೆಂದ ಮೇಲೆ ಅದು ಕಾಲು ಕಿಲೋ ಮೀರುತ್ತದೆ; ಸಣ್ಣ ಮಗುವಿನ ಹೊಟ್ಟೆಗೆ ಅಷ್ಟು ಹಿಡಿಸದು. ಮೊದಲು ಸ್ವಲ್ಪವೇ ಬಡಿಸುವುದು, ಎರಡನೇ ಸುತ್ತಿಗೆ ತಪ್ಪದೆ ಹೋಗುವುದು ಎಂದು ಮಾಡಿಕೊಂಡೆವು. ಎರಡನೇ ಸುತ್ತು ಬಂದೇ ಬರುತ್ತದೆ ಎಂಬ ನಂಬಿಕೆ ಮಕ್ಕಳಿಗೆ ಹುಟ್ಟಿದ ಮೇಲೆ ಮೊದಲ ಸಲವೇ ತಟ್ಟೆ ತುಂಬಿಸಿಕೊಳ್ಳುವ ಆತುರ ತಾನಾಗಿ ಇಳಿಯಿತು. ಇನ್ನು ಅಕ್ಕಿ ಅಳೆಯುವುದು ಬೆಳಗಿನ ಹಾಜರಿ ಕೈಗೆ ಬಂದ ನಂತರವೇ. ಸಂತೆಯ ದಿನ, ಜಾತ್ರೆಯ ಮರುದಿನ ಎಷ್ಟು ಮಕ್ಕಳು ಬರುವುದಿಲ್ಲ ಎಂಬುದು ನಮ್ಮ ಅಡುಗೆಯ ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತು.

ತರಕಾರಿ ಸುಲಭಕ್ಕೆ ಬಗ್ಗಲಿಲ್ಲ. ಮಕ್ಕಳಿಗೆ ಉಪದೇಶ ಮಾಡಿ ಬದನೆಕಾಯಿ ತಿನ್ನಿಸಿದವರನ್ನು ನಾನು ಕಂಡಿಲ್ಲ. ಹೆಬ್ಬೆರಳು ಗಾತ್ರದ ಹೋಳು ಕಣ್ಣಿಗೆ ಬಿದ್ದರೆ ಮಗು ಅದನ್ನು ಆರಿಸಿಯೇ ಆರಿಸುತ್ತದೆ. ಆರಿಸಲಾಗದಂತೆ ಮಾಡುವುದೇ ಉಪಾಯ. ಕ್ಯಾರೆಟ್, ಬೀಟ್‌ರೂಟ್ ತುರಿದು ಹಾಕಿದೆವು. ಕುಂಬಳಕಾಯಿ ಬೇಳೆಯೊಂದಿಗೇ ಬೆಂದು ಕರಗಿತು. ಎಲ್ಲಕ್ಕಿಂತ ಕೈ ಹಿಡಿದದ್ದು ಮಸೊಪ್ಪು. ಬೇಳೆ, ಸೊಪ್ಪು ಒಟ್ಟಿಗೆ ಬೇಯಿಸಿ ಮಂತಿನಿಂದ ಮಸೆದು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ದಂಟು ಯಾವುದು, ಬೇಳೆ ಯಾವುದು ಎಂದು ಯಾರೂ ಹುಡುಕಲಾರರು. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡುತ್ತೇವೆ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಸಿ ಜೀವಸತ್ವ ನೆರವಾಗುತ್ತದೆ. ಕುದಿಯುವಾಗಲೇ ಹಿಂಡಿದರೆ ಅದರಲ್ಲಿ ಒಂದಷ್ಟು ಹಾಳಾಗುತ್ತದೆ.

ಸೊಪ್ಪಿನಲ್ಲಿ ಹೆಚ್ಚು ಬಳಸುವುದು ನುಗ್ಗೆ. ಕಾಂಪೌಂಡಿನ ಪಕ್ಕ ಕೊಂಬೆ ನೆಟ್ಟರೆ ಮರವಾಗುತ್ತದೆ, ನೀರು ಕೇಳುವುದಿಲ್ಲ, ಸಾಗಣೆಯಿಲ್ಲ. ತೊಂದರೆಯೆಂದರೆ ಬಿಡಿಸುವುದು. ನೂರು ಜನಕ್ಕೆ ಆಗುವಷ್ಟು ನುಗ್ಗೆಸೊಪ್ಪು ಬಿಡಿಸಲು ಕೂತರೆ ಬೆಳಗೆಲ್ಲ ಅದೇ ಕೆಲಸ. ಇದಕ್ಕೂ ದಾರಿ ತೋರಿಸಿದವರು ಅಕ್ಕನೇ. ಹಿಂದಿನ ಸಂಜೆ ಕಡ್ಡಿ ಸಮೇತ ಕುಯ್ದು ಹಳೆಯ ಪಂಚೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬೆಳಿಗ್ಗೆ ಒದರಿದ ಕೂಡಲೇ ಎಲೆಗಳು ಉದುರುತ್ತವೆ. ಉಳಿದ ಸಣ್ಣ ಕಡ್ಡಿಗಳನ್ನು ಮೊರದಲ್ಲಿ ಕೇರಿ ತೆಗೆಯಬೇಕು. ಒಂದೆರಡು ಉಳಿದರೂ ಮಕ್ಕಳು ಸುಮ್ಮನಿರುವುದಿಲ್ಲ.

ಮೊರದ ಮಾತು ಬಂದಾಗ ಸಾರವರ್ಧಿತ ಅಕ್ಕಿಯ ರಗಳೆ ಹೇಳಲೇಬೇಕು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಅಕ್ಕಿಯ ಆಕಾರಕ್ಕೇ ಒತ್ತಿದ ಕಾಳು ಅದು. ಸಾಧಾರಣ ಅಕ್ಕಿ ನೂರು ಪಾಲಿಗೆ ಒಂದು ಪಾಲು ಬೆರೆತು ಬರುತ್ತದೆ. ಬಣ್ಣ ಸ್ವಲ್ಪ ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಎಂಬ ಸುದ್ದಿ ಮೊಬೈಲಿನಲ್ಲಿ ಹರಿದಾಡಿತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಅಕ್ಕ ಕನ್ನಡಕ ಏರಿಸಿಕೊಂಡು ಆ ಕಾಳುಗಳನ್ನೇ ಒಂದೊಂದಾಗಿ ಆರಿಸಿ ಬಿಸಾಡುತ್ತಿದ್ದರು. ‘ಮಕ್ಕಳ ಹೊಟ್ಟೆಗೆ ಏನೇನೋ ಹಾಕಬಾರದು ಮೇಷ್ಟ್ರೆ’ ಎಂದರು. ಆ ಕಾಳಜಿಗೆ ಎದುರಾಡುವುದು ಹೇಗೆ? ಒಂದು ಹಿಡಿ ಕಾಳು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೆರಳಲ್ಲಿ ಹಿಸುಕಿ ತೋರಿಸಿ, ಅವರ ಮುಂದೆಯೇ ತಿಂದೆ. ಮರುದಿನ ನಾನು ಶಾಲೆಗೆ ನೆಟ್ಟಗೆ ಬಂದದ್ದನ್ನು ನೋಡಿದ ಮೇಲೆ ಆರಿಸುವುದು ನಿಂತಿತು.

ಮೊಟ್ಟೆಯ ಬಗ್ಗೆ ಬರೆಯುವುದು ಕಡಿಮೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಕೊಡುವುದಾಯಿತು, ಒಲ್ಲದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಅಂದರೆ ಗೋಡೆಯ ಮೇಲಿನ 12ರಲ್ಲಿ ಅರ್ಧ. ಮೊಟ್ಟೆ ಬಾನಿಗೆ ಬಿದ್ದದ್ದನ್ನು ನಾನು ಈವರೆಗೆ ನೋಡಿಲ್ಲ. ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ಕೈತೋಟದ ಗೊಬ್ಬರದ ಗುಂಡಿಗೆ ಹಾಕುತ್ತೇವೆ.

ಗ್ಯಾಸಿನ ಕಥೆ ಬೇರೆ. ನಮ್ಮೂರಿನ ಕೊಳವೆಬಾವಿ ನೀರಿನಲ್ಲಿ ಯಾರ ಬೇಳೆಯೂ ಬೇಯುವುದಿಲ್ಲ, ಅಕ್ಷರಶಃ. ಗಡಸು ನೀರಿನ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡದು. ಕುಕ್ಕರ್ ಕೂಗಿದ್ದೇ ಕೂಗಿದ್ದು, ಸಿಲಿಂಡರ್ ತಿಂಗಳು ತುಂಬುವ ಮೊದಲೇ ಖಾಲಿ. ಬೇಳೆ ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ಪದ್ಧತಿ ಕೆಲವೆಡೆ ಇದೆ. ಅದು ಬೇಳೆಯಲ್ಲಿರುವ ಬಿ1 ಜೀವಸತ್ವವನ್ನು ಕೆಡಿಸುತ್ತದೆಯಾದ್ದರಿಂದ ನಾನು ಒಪ್ಪಲಿಲ್ಲ. ಶಾಲೆಯ ಹಿಂದೆ ಸುವರ್ಣ ಜಲ ಯೋಜನೆಯ ಕಾಲದ ಮಳೆನೀರಿನ ತೊಟ್ಟಿಯೊಂದು ಎಲೆಕಸ ತುಂಬಿಕೊಂಡು ಬಿದ್ದಿತ್ತು. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಂದು ತೊಳೆದು, ಒಡೆದ ಕೊಳವೆ ಬದಲಿಸಿ, ಬಾಯಿಗೆ ಜಾಲರಿ ಕಟ್ಟಿಕೊಟ್ಟರು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು ನಂತರದ್ದನ್ನು ಹಿಡಿಯುತ್ತೇವೆ. ಬೆಳಿಗ್ಗೆ ಬಂದ ಕೂಡಲೇ ಬೇಳೆಯನ್ನು ಆ ನೀರಿನಲ್ಲಿ ನೆನೆಸಿ, ಅದರಲ್ಲೇ ಬೇಯಿಸಿದರೆ ಉರಿ ಹೊತ್ತು ಎದ್ದು ಕಾಣುವಷ್ಟು ಇಳಿಯುತ್ತದೆ. ಬೇಸಿಗೆಯಲ್ಲಿ ತೊಟ್ಟಿ ಬತ್ತುತ್ತದೆ, ಮತ್ತೆ ಕುಕ್ಕರ್ ಕೂಗುತ್ತದೆ. ತರಕಾರಿ, ಬೇಳೆ, ಎಣ್ಣೆ, ಗ್ಯಾಸ್ ಎಲ್ಲಕ್ಕೂ ಸೇರಿ ಕೇಂದ್ರ ಸರ್ಕಾರ 2025ರ ಮೇ ತಿಂಗಳಿಂದ ನಿಗದಿ ಮಾಡಿರುವ ದರ ಸಣ್ಣ ಮಗುವಿಗೆ ದಿನಕ್ಕೆ 6.78 ರೂಪಾಯಿ. ಅದರಲ್ಲಿ ಗ್ಯಾಸಿನ ಖರ್ಚಿನಿಂದ ಉಳಿಸಿದ ಪೈಸೆ ಸಾರಿಗೆ ಸೇರುತ್ತದೆ.

ಪರಿಸರ ದಿನದಂದು ನಾವೆಲ್ಲ ಪ್ಲಾಸ್ಟಿಕ್ ಬಗ್ಗೆ ಭಾಷಣ ಮಾಡುತ್ತೇವೆ. ಸ್ಟೀಲ್ ತಟ್ಟೆಯಲ್ಲಿ ಉಣ್ಣುವ ನಮ್ಮ ಮಕ್ಕಳ ಊಟದಲ್ಲಿ ಪ್ಲಾಸ್ಟಿಕ್ ಇರುವುದೇ ಅಷ್ಟಕ್ಕಷ್ಟೆ. ಅಕ್ಕಿಯ ವಿಷಯವನ್ನು ಯಾರೂ ಎತ್ತುವುದಿಲ್ಲ. ನೀರು ನಿಂತ ಗದ್ದೆಯಲ್ಲಿ ಬೆಳೆಯುವ, ಮೀಥೇನ್ ಹೊರಬಿಡುವ, ದೂರದಿಂದ ಗೋದಾಮು ದಾಟಿ ಬರುವ ಧಾನ್ಯ ಅದು. ಶಾಲೆಯ ಸುತ್ತ ಹೊಲಗಳಲ್ಲಿ ಬರೀ ಮಳೆಗೆ ರಾಗಿ ಬೆಳೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. 2024ರಿಂದ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಬರುತ್ತಿರುವುದು ಒಳ್ಳೆಯ ಆರಂಭ. ಆದರೆ ಮಧ್ಯಾಹ್ನದ ತಟ್ಟೆಗೆ ರಾಗಿ ಇನ್ನೂ ಬಂದಿಲ್ಲ.

ಮುದ್ದೆ ಮಾಡೋಣವೇ ಎಂದು ಅಕ್ಕನನ್ನು ಕೇಳಿದೆ. ‘ನೂರು ಮುದ್ದೆ ತೊಳಸುವುದಕ್ಕೆ ನಿಮ್ಮ ತೋಳು ಕೊಡುತ್ತೀರಾ ಮೇಷ್ಟ್ರೆ?’ ಎಂದು ನಕ್ಕರು. ಅವರ ಮಾತು ಸರಿ. ತರಕಾರಿ ಸಣ್ಣಗೆ ಹೆಚ್ಚುವುದು, ತುರಿಯುವುದು, ಸೊಪ್ಪು ಕಟ್ಟಿಡುವುದು, ನಾನು ಇಲ್ಲಿ ಜಂಬದಿಂದ ಬರೆದದ್ದೆಲ್ಲ ಆ ಇಬ್ಬರು ಹೆಂಗಸರ ಕೈಗಳಿಂದ ಆದದ್ದು. ಈ ಹೆಚ್ಚಿನ ಕೆಲಸಕ್ಕೆಂದು ಗೌರವಧನವೇನೂ ಹೆಚ್ಚಿಲ್ಲ. ಪೌಷ್ಟಿಕತೆಯ ತರಬೇತಿಗಳಲ್ಲಿ ಹೊಸ ಮೆನು ಹಂಚುವವರು ಹೆಚ್ಚುವವರ ಹೊತ್ತನ್ನು ಲೆಕ್ಕಕ್ಕೆ ಹಿಡಿದದ್ದನ್ನು ನಾನು ನೋಡಿಲ್ಲ. ಕೊನೆಗೆ ಅಕ್ಕನೇ ಒಂದು ದಾರಿ ಹೇಳಿದರು: ರಾಗಿ ಶಾವಿಗೆ ಒತ್ತಿಸಿ ತಂದರೆ ತರಕಾರಿ ಹಾಕಿ ಉಪ್ಪಿಟ್ಟು ಮಾಡಬಹುದು, ತೋಳಿಗೂ ಸುಖ. ಊರಿನ ಸ್ವಸಹಾಯ ಸಂಘದವರನ್ನು ದರ ಕೇಳಿದ್ದೇನೆ. ಅವರು ಹೇಳಿದ ದರ 6.78ರಲ್ಲಿ ಹೊಂದುತ್ತಿಲ್ಲ, ರಾಗಿಯನ್ನು ದಾನಿಗಳಿಂದ ಪಡೆದು ಒತ್ತಿದ ಕೂಲಿ ಮಾತ್ರ ಕೊಡಬಹುದೇ ಎಂದು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇಡಲಿದ್ದೇನೆ.