ಬಿಕಾಂ ಆಯ್ತು, ಮುಂದೆ ಸಿಎ ಮಾಡೋದಾ ಸಿಎಂಎ ಮಾಡೋದಾ? ಸಂಬಳದ ಲೆಕ್ಕ ಹೀಗೆ ಹಾಕಿ

ಹಾಸನ, ಚಿಕ್ಕಮಗಳೂರು ಕಡೆ ಬಿಕಾಂ ಮುಗಿಸಿದವರಿಗೆ ಆಡಿಟರ್ ಆಫೀಸಲ್ಲೋ, ಅಂಗಡಿ ಲೆಕ್ಕ ಬರೆಯೋದರಲ್ಲೋ ಕೆಲಸ ಸಿಗೋದು ಕಷ್ಟ ಏನಲ್ಲ, ಟ್ಯಾಲಿ ಗೊತ್ತಿದ್ದು ಜಿಎಸ್‌ಟಿ ರಿಟರ್ನ್ ಹಾಕೋಕೆ ಬಂದ್ರೆ ಸಾಕು. ಕಷ್ಟ ಶುರುವಾಗೋದು ಎರಡು ಮೂರು ವರ್ಷ ಆದ್ಮೇಲೆ. ಕೆಲಸ ಎಲ್ಲಾ ನೀವೇ ಮಾಡ್ತೀರ, ಸಂಬಳ ಮಾತ್ರ ಏರಲ್ಲ, ಯಾಕಂದ್ರೆ ಕೊನೆಗೆ ಸಹಿ ಹಾಕೋರು ಬೇರೆಯವರು. ಸರ್ಟಿಫಿಕೇಟ್‌ಗೆ ಬೆಲೆ ಬರೋದೇ ಆ ಸಹಿಯಿಂದ.

ಹಾಗಾಗಿ ಮೊದಲು ಯಾವ ಕೋರ್ಸ್ ಮಾಡಿದ್ರೆ ಯಾವ ಕಾಗದಕ್ಕೆ ಸಹಿ ಹಾಕಬಹುದು ಅಂತ ನೋಡಿ. ಕಂಪನಿಗಳ ಶಾಸನಬದ್ಧ ಆಡಿಟ್ (ಕಾನೂನು ಪ್ರಕಾರ ಆಗಲೇಬೇಕಾದ ಲೆಕ್ಕ ತಪಾಸಣೆ), ಟ್ಯಾಕ್ಸ್ ಆಡಿಟ್ ಎರಡೂ ಸಿಎ, ಅಂದ್ರೆ ಚಾರ್ಟರ್ಡ್ ಅಕೌಂಟೆಂಟ್‌ಗಳ ಕೈಲೇ ಇದೆ. ಕಾಸ್ಟ್ ಆಡಿಟ್ (ವಸ್ತು ತಯಾರಿಸೋಕೆ ಆದ ಖರ್ಚಿನ ಲೆಕ್ಕ ತಪಾಸಣೆ) ಸಿಎಂಎ, ಅಂದ್ರೆ ಕಾಸ್ಟ್ ಅಂಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್‌ಗಳದ್ದು, ಫ್ಯಾಕ್ಟರಿ ಕಡೆ ಹೋಗೋ ಆಸೆ ಇದ್ರೆ ಅದು ಒಳ್ಳೇ ದಾರಿ. ಬ್ರಿಟನ್‌ನ ಎಸಿಸಿಎ, ಅಮೆರಿಕದ ಸಿಎಂಎ ಅನ್ನೋ ವಿದೇಶಿ ಅಕೌಂಟಿಂಗ್ ಕೋರ್ಸ್ ಎರಡೂ ಬೆಂಗಳೂರಿನ ವಿದೇಶಿ ಕಂಪನಿಗಳಲ್ಲಿ ನಡೆಯುತ್ತೆ, ಆದ್ರೆ ಅದನ್ನ ಇಟ್ಕೊಂಡು ಇಲ್ಲಿ ಆಡಿಟ್ ರಿಪೋರ್ಟ್‌ಗೆ ಸಹಿ ಹಾಕೋಕಾಗಲ್ಲ. ಊರಲ್ಲೇ ಬೋರ್ಡ್ ಹಾಕ್ಕೊಂಡು ಕೂರ್ಬೇಕು ಅನ್ನೋರಿಗೆ ನಾನಂತೂ ಸಿಎನೇ ಹೇಳೋದು.

ಆಮೇಲೆ ಸಿಎನ ಎಲ್ಲಿಂದ ಶುರು ಮಾಡೋದು ಅನ್ನೋದು. ಪಿಯುಸಿ ಆದವರು ಫೌಂಡೇಶನ್ ಅನ್ನೋ ಮೊದಲ ಹಂತದ ಪರೀಕ್ಷೆ ಬರೀಬೇಕು. ಡಿಗ್ರಿ ಆದವರಿಗೆ ಅದು ಬೇಡ, ಕಾಮರ್ಸ್‌ನಲ್ಲಿ 55%, ಬೇರೆ ಡಿಗ್ರಿಯಲ್ಲಿ 60% ಇದ್ರೆ ನೇರ ಎರಡನೇ ಹಂತ ಇಂಟರ್‌ಮೀಡಿಯೇಟ್‌ಗೆ (ಇಂಟರ್) ಸೇರಬಹುದು. ಎರಡು ಗ್ರೂಪ್, ಒಟ್ಟು ಆರು ಪೇಪರ್. ಪ್ರತಿ ಪೇಪರ್‌ಗೂ 40, ಗ್ರೂಪ್‌ಗೆ ಒಟ್ಟು 50% ಬರಬೇಕು. ಎಷ್ಟೋ ಜನ ಎಲ್ಲಾ ಪೇಪರ್‌ನಲ್ಲೂ 40 ದಾಟಿಸಿ, ಒಟ್ಟು ಸಾಲದೆ ಫೇಲ್ ಆಗ್ತಾರೆ, ಅದಕ್ಕೆ ನಿಮಗೆ ಸುಲಭ ಅನ್ಸೋ ಪೇಪರಲ್ಲಿ ಜಾಸ್ತಿ ತೆಗೆಯೋಕೆ ನೋಡಿ.

ಮುಂದಿನದು ಆರ್ಟಿಕಲ್‌ಶಿಪ್, ಅಂದ್ರೆ ಸಿಎ ಹತ್ತಿರ ಇದ್ದು ಕೆಲಸ ಕಲಿಯೋ ಅವಧಿ, ಸಂಬಳದ ಭವಿಷ್ಯ ಅರ್ಧ ನಿರ್ಧಾರ ಆಗೋದೇ ಇಲ್ಲಿ. 2023ರ ಹೊಸ ಸ್ಕೀಮ್‌ನಲ್ಲಿ ಮೂರು ವರ್ಷ ಇದ್ದಿದ್ದನ್ನ ಎರಡು ವರ್ಷ ಮಾಡಿದ್ದಾರೆ, ಇಂಟರ್ ಎರಡೂ ಗ್ರೂಪ್ ಪಾಸಾದ್ಮೇಲೇ ಸೇರಬೇಕು. ದೊಡ್ಡ ಕಂಪನಿ ಕೆಲಸ ಬೇಕು ಅನ್ನೋರು ಬೆಂಗಳೂರಿಗೆ ಹೋಗಿ, ಅಲ್ಲಿ ದೊಡ್ಡ ಆಡಿಟ್ ನೋಡೋಕೆ ಸಿಗುತ್ತೆ. ಆದ್ರೆ ನಮ್ಮೂರ ಆಫೀಸನ್ನ ಕಡೆಗಣಿಸಬೇಡಿ. ಇಲ್ಲಿ ತಿಂಗಳ 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ (ಸಪ್ಲೈಯರ್‌ಗಳು ಅಪ್‌ಲೋಡ್ ಮಾಡಿದ ಬಿಲ್‌ಗಳ ಪಟ್ಟಿ) ಬಂದ ತಕ್ಷಣ ಅಂಗಡಿಯವರು ಚೀಲದಲ್ಲಿ ತುಂಬಿ ಕೊಟ್ಟ ಪರ್ಚೇಸ್ ಬಿಲ್‌ಗಳನ್ನ ಒಂದೊಂದಾಗಿ ತಾಳೆ ನೋಡಿ, ಸಪ್ಲೈಯರ್ ಅಪ್‌ಲೋಡ್ ಮಾಡದೇ ಇರೋದನ್ನ ಫೋನ್ ಮಾಡಿ ಕೇಳಿ, 20ರೊಳಗೆ 3ಬಿ ಅನ್ನೋ ತಿಂಗಳ ರಿಟರ್ನ್ ಹಾಕೋದು ಇಡೀ ಕೆಲಸ ಒಬ್ಬರ ಕೈಲೇ ಆಗುತ್ತೆ. ಕಾಫಿ ತೋಟದ ಫೈಲ್ ಬಂತು ಅನ್ನಿ: ಬೆಳೆಗಾರ ಚೆರ್ರಿನೋ ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಹಾಗೇ ಮಾರಿದ್ರೆ ಕೃಷಿ ಆದಾಯ, ಅದಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ತಾನೇ ಬೆಳೆದು ಕ್ಯೂರಿಂಗ್ (ಬೀಜದ ಹೊಟ್ಟು ತೆಗೆದು ಹದ ಮಾಡೋದು) ಮಾಡಿ ಮಾರಿದ್ರೆ ಆದಾಯದ 25%ಗೆ ಟ್ಯಾಕ್ಸ್, ಹುರಿದು ಪುಡಿ ಮಾಡಿ ಮಾರಿದ್ರೆ 40%ಗೆ. ಸಕಲೇಶಪುರ, ಮೂಡಿಗೆರೆ ಬೆಳೆಗಾರರಿಗೆ ಇದು ಸರಿಯಾಗಿ ಗೊತ್ತಿರೋ ಆಡಿಟರ್ ಬೇಕೇ ಬೇಕು, ಮುಂದೆ ಸ್ವಂತ ಪ್ರಾಕ್ಟೀಸ್ ಮಾಡೋರಿಗೆ ಈ ಅನುಭವವೇ ಬಂಡವಾಳ.

ಈಗ ದುಡ್ಡಿನ ವಿಷಯ. ಸಿಎ ಸಂಸ್ಥೆನೇ ಹೊಸದಾಗಿ ಪಾಸಾದವರಿಗೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಮಾಡುತ್ತೆ, ಈಚೆಗೆ ಅಲ್ಲಿ ಸರಾಸರಿ ಸಂಬಳ ವರ್ಷಕ್ಕೆ 10 ಲಕ್ಷ ದಾಟಿದೆ. ಆದ್ರೆ ಅದು ದೊಡ್ಡ ಊರಿನ ಸಂಬಳ, ಬಾಡಿಗೆ ಖರ್ಚು ಕಳೆದು ಲೆಕ್ಕ ಹಾಕಿ. ಊರಲ್ಲಿ ಪ್ರಾಕ್ಟೀಸ್ ಶುರು ಮಾಡಿದವರಿಗೆ ಮೊದಮೊದಲು ಅಷ್ಟು ಬರಲ್ಲ, ಕ್ಲೈಂಟ್ ಸೇರ್ತಾ ಸೇರ್ತಾ ಬೆಳೆಯೋದು. ಫೈನಲ್ ಇನ್ನೂ ಆಗಿಲ್ಲ, ಇಂಟರ್ ಮಾತ್ರ ಆಗಿದೆ ಅಂದ್ರೂ ಇಂಟರ್‌ವ್ಯೂನಲ್ಲಿ ಮುಚ್ಚಿಡಬೇಡಿ, ಬರೀ ಬಿಕಾಂ ಆದವರಿಗಿಂತ ಇಂಟರ್ ಜೊತೆ ಆರ್ಟಿಕಲ್‌ಶಿಪ್ ಮುಗಿಸಿದವರಿಗೆ ಅಕೌಂಟ್ಸ್ ವಿಭಾಗದಲ್ಲಿ ಹೆಚ್ಚೇ ಕೊಡ್ತಾರೆ.

ಕೊನೇ ವರ್ಷದ ಡಿಗ್ರಿಯಲ್ಲಿ ಇರೋರು ರಿಸಲ್ಟ್‌ಗೆ ಕಾಯ್ತಾ ಕೂರಬೇಡಿ, ಈಗಲೇ ಪ್ರಾವಿಷನಲ್ ಆಗಿ ಇಂಟರ್‌ಗೆ ರಿಜಿಸ್ಟರ್ ಮಾಡಬಹುದು. ಪರೀಕ್ಷೆಗೆ ಮುಂಚೆ ಎಂಟು ತಿಂಗಳ ಓದಿನ ಅವಧಿ ಇರುತ್ತೆ, ಸೆಪ್ಟೆಂಬರ್‌ನಲ್ಲಿ ಬರೀಬೇಕು ಅಂದ್ರೆ ಜನವರಿ 1ರೊಳಗೆ ಹೆಸರು ಹಾಕಿರಬೇಕು.